ಹಳೆಯ ವ್ಯಾನಿಗೆ ದೊಡ್ಡ ಗಾಲಿ

ಭರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕಮಾನು ಕಟ್ಟಿದ ಬಂಡಿಯಲ್ಲಿ ಹೊರಟು, ದಾರಿಯಲ್ಲಿ ಕತ್ತಲಾದಲ್ಲಿ ಎತ್ತು ಬಿಚ್ಚಿ, ಬಂಡಿಯ ಮಗ್ಗುಲಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಬಂಡಿಯೊಳಗೇ ಮಲಗಿ ಏಳುವ ರೂಢಿ ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಪಾಶ್ಚಾತ್ಯರು ಕ್ಯಾಂಪರ್ ವ್ಯಾನ್ ಎಂದು ಹೆಸರಿಟ್ಟು ಮೆರೆಸುವ ವಾಹನ ಇದಕ್ಕಿಂತ ಬೇರೆಯೇನಲ್ಲ. ಎತ್ತಿನ ಬದಲು ಎಂಜಿನು, ಅಷ್ಟೆ.

ಮಂದ್ರೂಪದ ನಮ್ಮ ಮನೆಯಲ್ಲಿಯೂ ಅಂಥದೊಂದು ಬಂಡಿಯುಂಟು. ಹಳೆಯ ಮಾರುತಿ ಓಮ್ನಿ. ಹಿಂದಿನ ಆಸನಗಳನ್ನು ಮಡಿಸಿ, ಹಲಗೆ ಹಾಕಿ, ಗಾದಿ ಹಾಸಿ, ವಯಸ್ಸಾದ ತಾಯಿಯವರು ಕಾಲು ಚಾಚಿ ಮಲಗುವಂತೆ ಅಣಿ ಮಾಡಿಕೊಂಡಿದ್ದೇವೆ. ಬಸ್ಸಿನಲ್ಲಿ ತಾಸುಗಟ್ಟಲೆ ಕುಳಿತುಕೊಳ್ಳುವುದು ಅವರಿಂದಾಗದು. ಪಂಢರಪುರ, ತುಳಜಾಪುರ, ಗಾಣಗಾಪುರ ಎಲ್ಲವೂ ಅವರಿಗೆ ಈ ವ್ಯಾನಿನಿಂದಲೇ ದಕ್ಕಿವೆ.

ಕಳೆದ ಮಳೆಗಾಲದಲ್ಲಿ ಭೀಮಾ–ಸೀನಾ ಸಂಗಮವಾದ ಹತ್ತರಸಂಗ ಕೂಡಲಕ್ಕೆ ಹೋದಾಗ, ಎರೆಮಣ್ಣಿನ ಒಂದು ಹೊಲದ ದಾರಿಯಲ್ಲಿ ವ್ಯಾನಿನ ಹೊಟ್ಟೆ ನೆಲಕ್ಕೆ ತಾಗಿ ನಿಂತುಬಿಟ್ಟಿತು. ಎರೆಭೂಮಿಯ ಗುಣ ವಾಚಕರಿಗೆ ತಿಳಿಯದ್ದಲ್ಲ. ನಾಲ್ಕು ಹನಿ ಬಿದ್ದರೆ ಗಾಲಿಗೆ ಅಂಟಿ ಮೇಲೇರುವ ಮಣ್ಣು ಅದು. ತಾಯಿಯವರನ್ನು ಒಳಗಿರಿಸಿಯೇ ನಾವು ಮೂವರು ದಬ್ಬಿದೆವು. ಮನೆಗೆ ಬಂದ ಮೇಲೆ ಅಣ್ಣನ ಮಗ, “ಕಾಕಾ, ಗಾಲಿ ದೊಡ್ಡವು ಹಾಕ್ಸೂಣ್ರಿ, ಗಾಡಿ ಎತ್ತರಾಗ್ತದ” ಎಂದ.

ಅವನ ಮಾತಿನಲ್ಲಿ ತಥ್ಯವಿಲ್ಲದಿಲ್ಲ. ಗಾಲಿ ದೊಡ್ಡದಾದಷ್ಟೂ ತಗ್ಗಿನೊಳಗೆ ಇಳಿಯುವುದು ಕಡಿಮೆ, ಕಲ್ಲನ್ನು ಏರುವುದು ಸುಲಭ. ನಮ್ಮ ಬಡಿಗರು ಎದೆಮಟ್ಟದ ಗಾಲಿಗಳನ್ನು ಸುಮ್ಮನೆ ಮಾಡುತ್ತಿರಲಿಲ್ಲ. ಆದರೆ ಅದೇ ಬಡಿಗರು ಗಾಲಿಯೊಂದನ್ನೇ ಬದಲಿಸಿ ಕೈ ತೊಳೆದುಕೊಳ್ಳುತ್ತಿರಲಿಲ್ಲ ಎಂಬುದನ್ನೂ ನೆನೆಯಬೇಕು. ಗಾಲಿ ಎತ್ತರವಾದರೆ ಮೂಕಿಯ ಓಟ ಬದಲಾಗಿ, ನೊಗದ ಭಾರ ಎತ್ತಿನ ಹೆಗಲಿಗೆ ಬೇರೆ ರೀತಿಯಲ್ಲಿ ಬೀಳುತ್ತದೆ.

ಹೀಗಾಗಿ ಸೋಲಾಪುರದ ಟೈರಿನ ಅಂಗಡಿಗೆ ಹೋಗುವ ಮುನ್ನ ಕಾಗದ, ಪೆನ್ಸಿಲು ಹಿಡಿದು ಕುಳಿತೆವು. ನಮ್ಮ ವ್ಯಾನಿನ ಟೈರಿನ ಮೇಲಿದ್ದ ಅಳತೆ 145/80 ಆರ್ 12. ಮೊದಲಿನದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 80 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 80, ಅಂದರೆ 116 ಮಿ.ಮೀ. ‘ಆರ್’ ಎಂಬುದು ರೇಡಿಯಲ್ ಟೈರಿನ ಗುರುತು. ಕೊನೆಯದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. 12 ಅಂಗುಲವೆಂದರೆ ಸುಮಾರು 305 ಮಿ.ಮೀ. ಮೇಲಿನ ಗೋಡೆ, ಕೆಳಗಿನ ಗೋಡೆ ಕೂಡಿಸಿದರೆ ಇಡೀ ಗಾಲಿಯ ವ್ಯಾಸ 537 ಮಿ.ಮೀ. ಹುಡುಗ ಬಯಸಿದ್ದು 155/80 ಆರ್ 13. ಅದೇ ಲೆಕ್ಕದಿಂದ ಅದರ ವ್ಯಾಸ 578 ಮಿ.ಮೀ. ಅಂತರ 41 ಮಿ.ಮೀ. ಆದರೆ ನೆಲದಿಂದ ವ್ಯಾನು ಏರುವುದು ಇದರ ಅರ್ಧದಷ್ಟು ಮಾತ್ರ. ಎರಡು ಸೆಂಟಿಮೀಟರು! ನಾಲ್ಕು ರಿಮ್ಮು, ನಾಲ್ಕು ಟೈರು, ಸ್ಟೆಪ್ನಿ ಸೇರಿ ಐದು, ಇಷ್ಟರ ಹಣಕ್ಕೆ ಬರುವ ಫಲ ಒಂದು ಬೆರಳಿನ ಅಗಲ.

ಆ ಎರಡು ಸೆಂಟಿಮೀಟರಿಗೆ ತೆರಬೇಕಾದ ಬೆಲೆಯಾದರೂ ಹಣವೊಂದೇ ಅಲ್ಲ. ಗಾಲಿಯ ಸುತ್ತಳತೆ ಶೇಕಡಾ 7ಕ್ಕಿಂತ ಹೆಚ್ಚಾಗುವುದರಿಂದ, ಮೀಟರಿನ ಮುಳ್ಳು 80 ತೋರಿಸುವಾಗ ವ್ಯಾನು ನಿಜವಾಗಿ 86ರ ವೇಗದಲ್ಲಿ ಓಡುತ್ತಿರುತ್ತದೆ. ಗೇರುಗಳೂ ಅಷ್ಟೇ ಭಾರವಾಗುತ್ತವೆ. ಓಮ್ನಿಯ ಎಂಜಿನು 796 ಸಿ.ಸಿ.ಯದು, ಮೂರು ಸಿಲಿಂಡರಿನದು. ಏರಿನಲ್ಲಿ, ಕೆಸರಿನಲ್ಲಿ ನಿಂತಲ್ಲಿಂದ ಎಳೆಯುವ ಬಲವೇ ಅದಕ್ಕೆ ಬೇಕಾದದ್ದು; ದೊಡ್ಡ ಗಾಲಿ ಕಸಿದುಕೊಳ್ಳುವುದೂ ಅದನ್ನೇ. ಬ್ರೇಕಿಗೂ ಅದೇ ಪಾಡು. ಮುಂದಿನ ಗಾಲಿಗಳು ಚಾಲಕನ ಕಾಲ ಬಳಿಯ ಇಕ್ಕಟ್ಟಿನಲ್ಲಿರುವುದರಿಂದ, ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರು ತಗಡಿಗೆ ಉಜ್ಜುವುದೂ ಉಂಟು. ಅಗಲ ಕಡಿಮೆ, ಎತ್ತರ ಹೆಚ್ಚು ಇರುವ ವಾಹನವನ್ನು ಸ್ಪ್ರಿಂಗಿನಡಿ ಕಟ್ಟೆ ಇಟ್ಟು ಇನ್ನಷ್ಟು ಎತ್ತರಿಸಿದರೆ ತಿರುವಿನಲ್ಲಿ ವಾಲುವ ಭಯ ಬೇರೆ.

ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ಅಂಗಡಿಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಅಳತೆಯ ಮುಂದೆ ಇನ್ನೊಂದು ಅಂಕಿ ಅಚ್ಚಾಗಿರುತ್ತದೆ. ಅದು ಟೈರು ಹೊರಬಲ್ಲ ಭಾರದ ಸಂಕೇತ. 74 ಎಂದಿದ್ದರೆ ಆ ಟೈರಿನ ಶಕ್ತಿ 375 ಕಿಲೋ; 79 ಎಂದಿದ್ದರೆ 437; 86 ಎಂದಿದ್ದರೆ 530. ಸರಕು ವಾಹನಗಳಿಗೆಂದು ಮಾಡಿದ ಗಟ್ಟಿ ಪದರಿನ 12 ಅಂಗುಲದ ಚಿಕ್ಕ ಟೈರು, ಕಾರಿಗೆಂದು ಮಾಡಿದ 13 ಅಂಗುಲದ ದೊಡ್ಡ ಟೈರಿಗಿಂತ ಹೆಚ್ಚು ಭಾರ ಹೊರುವುದುಂಟು. ನೋಟಕ್ಕೆ ಭಾರಿಯಾದದ್ದು ಹೊರೆಗೂ ಭಾರಿಯೆಂದು ನಂಬಿದರೆ ಕೆಟ್ಟೆವು. ಗಾದಿ, ಹಲಗೆ, ನೀರಿನ ಕೊಡ, ಸ್ಟೋವು, ಆರೇಳು ಜನ, ಇವರೆಲ್ಲರ ಭಾರ ನಿಂತಿರುವುದು ಆ ಎರಡು ಅಂಕಿಗಳ ಮೇಲೆ. ಮೊದಲಿನ ಅಂಕಿಗಿಂತ ಕೆಳಗಿಳಿಯುವುದು ಯಾವ ಕಾರಣಕ್ಕೂ ಸಲ್ಲದು.

ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನು ಜಗತ್ತಿನ ಕ್ಯಾಂಪರುಗಳಿಗೆಲ್ಲ ಮೂಲಪುರುಷನಿದ್ದಂತೆ. 1950ರಲ್ಲಿ ಅದು ಹೊರಬಂದಾಗ ಗಾಲಿ 16 ಅಂಗುಲದ್ದು. 1955ರಲ್ಲಿ 15ಕ್ಕೆ ಇಳಿಯಿತು, 1963ರ ಸುಮಾರಿಗೆ 14ಕ್ಕೆ. ಮಾಡಿದವರೇ ಗಾಲಿಯನ್ನು ಚಿಕ್ಕದು ಮಾಡುತ್ತ ಹೋದರೆಂಬುದನ್ನು ಕೇಳಿ ನಮ್ಮ ಹುಡುಗನ ಉತ್ಸಾಹ ತುಸು ಇಳಿಯಿತು.

ಕಾಯದೆಯ ಮಾತೂ ಇದೆ. ವಾಹನವನ್ನು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ಮಾರ್ಪಡಿಸಕೂಡದೆಂದು ಮೋಟಾರು ವಾಹನ ಅಧಿನಿಯಮದ 52ನೆಯ ಕಲಮನ್ನು ಆಧರಿಸಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅಪಘಾತವಾದ ಮೇಲೆ ವಿಮೆಯವರೊಡನೆ ವಾದಿಸುವುದಕ್ಕಿಂತ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ಕೇಳಿಕೊಳ್ಳುವುದು ಲೇಸು.

ಕಡೆಗೆ ಅಳತೆ ಬದಲಿಸಲಿಲ್ಲ. ಅದೇ 12 ಅಂಗುಲದಲ್ಲಿ, ಭಾರದ ಅಂಕಿ ಹೆಚ್ಚಿರುವ ಹೊಸ ಟೈರುಗಳನ್ನು ಕೊಂಡೆವು. ಉಳಿದ ಹಣದಲ್ಲಿ ಹಿಂದಿನ ಪಾಟಾಗಳನ್ನು ಬಿಚ್ಚಿಸಿ ನೋಡಿದರೆ ರಹಸ್ಯ ಅಲ್ಲಿತ್ತು: ವರ್ಷಗಳ ಹೊರೆಗೆ ಅವು ಜಗ್ಗಿ ಚಪ್ಪಟೆಯಾಗಿದ್ದವು. ಅವನ್ನು ಸರಿಪಡಿಸಿದ ಮೇಲೆ ವ್ಯಾನಿನ ಹಿಂಭಾಗ ದೊಡ್ಡ ಗಾಲಿ ಕೊಡಬಹುದಾಗಿದ್ದ ಎರಡು ಸೆಂಟಿಮೀಟರಿಗಿಂತ ಹೆಚ್ಚೇ ಮೇಲೆದ್ದಿತು.

ಟೈರು ಕೊಳ್ಳುವಾಗ ಪಕ್ಕದ ನಾಲ್ಕು ಅಂಕಿಗಳನ್ನು ಓದಿಕೊಂಡೆವು. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ವರ್ಷದ ಬಹುಭಾಗ ಅಂಗಳದಲ್ಲಿ ಬಿಸಿಲು ಕಾಯುವ ನಮ್ಮಂಥವರ ವ್ಯಾನುಗಳಲ್ಲಿ ಟೈರು ಸವೆಯುವ ಮೊದಲೇ ಬಿರಿಯುತ್ತದೆ. ಸೋಲಾಪುರ–ವಿಜಯಪುರ ಹೆದ್ದಾರಿ ಈಗ ಚತುಷ್ಪಥವಾಗಿದೆ. 2021ರ ಫೆಬ್ರವರಿಯಲ್ಲಿ ಅದರ 25.54 ಕಿಲೋಮೀಟರಿನ ಒಂದು ಸಾಲನ್ನು 18 ತಾಸಿನಲ್ಲಿ ಹಾಸಿದ್ದು ಸುದ್ದಿಯಾಗಿತ್ತು. ಅಂಥ ರಸ್ತೆಯ ಮೇಲೆ ಮೇ ತಿಂಗಳ ಮಧ್ಯಾಹ್ನ, ಗಾಳಿ ಕಡಿಮೆಯಿದ್ದ ಹಳೆಯ ಟೈರು ಕಾದು ಒಡೆಯುವುದಕ್ಕೆ ತಗ್ಗು ಬೇಕಾಗಿಲ್ಲ. ಗಾಳಿಯನ್ನು ಮನೆಯಿಂದ ಹೊರಡುವಾಗ, ಟೈರು ತಣ್ಣಗಿದ್ದಾಗಲೇ ನೋಡಿಸಬೇಕು.

ಹೊರಡುವ ದಿನ ಹುಡುಗ ಸ್ಟೆಪ್ನಿಯನ್ನು ಇಳಿಸಿ ಅದರ ಅಂಕಿಯನ್ನು ಓದಿದ. ಐದರಲ್ಲಿ ಅದೊಂದನ್ನು ನಾವು ಮರೆತಿದ್ದೆವು. ಯಾತ್ರೆ ಎರಡು ದಿನ ತಡವಾಯಿತು.