ಕೆರೆಯ ಮೀನು ಸತ್ತರೆ ಹೃದಯ ಪರೀಕ್ಷೆ ಮಾಡಿಸಿರಿ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಮಾವು, ಟೊಮೆಟೊ ಬೆಳೆಗಳಿಗೆ ಕೀಟನಾಶಕ ಸಿಂಪರಣೆ ಸಾಮಾನ್ಯ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಬಂದು ಕೋಲಾರ ಜಿಲ್ಲೆಯ ಹಲವು ಕೆರೆಗಳು ತುಂಬಿವೆ. ಕೆರೆಗಳಲ್ಲಿ ಕಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಮೀನುಗಳನ್ನು ಸಾಕುತ್ತಾರೆ. ಮಳೆ ಬಂದ ಮರುದಿನ ಮೀನು ಸತ್ತು ತೇಲಿದರೆ ತೋಟದವರಿಗೂ ಮೀನು ಸಾಕುವವರಿಗೂ ವಾದ ಬೆಳೆಯುತ್ತದೆ. ಊಹೆಗಿಂತ ಪರೀಕ್ಷೆ ಮೇಲು.

ಹೃದಯವೇ ಏಕೆ?

ಮೀನಿನ ಹೃದಯ ಗಂಟಲಿನ ಕೆಳಗೆ, ಕಿವಿರುಗಳ ಹಿಂದೆ ಇರುತ್ತದೆ. ಅದು ರಕ್ತವನ್ನು ಕಿವಿರುಗಳಿಗೆ ತಳ್ಳುತ್ತದೆ. ಅಲ್ಲಿ ರಕ್ತ ಪ್ರಾಣವಾಯು ಪಡೆಯುತ್ತದೆ. ನೀರಿನ ವಿಷವೂ ಕಿವಿರಿನ ಮೂಲಕವೇ ರಕ್ತ ಸೇರಿ ಹೃದಯವನ್ನು ಮುಟ್ಟುತ್ತದೆ. ಸೈಪರ್‌ಮೆಥ್ರಿನ್, ಕ್ಲೋರ್‌ಪೈರಿಫಾಸ್ ಔಷಧಿಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ಅಪಾಯಕಾರಿ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆದ ಎಂಡೋಸಲ್ಫಾನ್ ಕೂಡ ಅಂತಹದೇ.

ಪರೀಕ್ಷೆ ಹೇಗೆ?

ಹೃದಯವನ್ನು ಶೇ. 10ರ ಫಾರ್ಮಲಿನ್ ದ್ರಾವಣದಲ್ಲಿಟ್ಟು, ನಂತರ ಮೇಣದಲ್ಲಿ ಕೂರಿಸಿ, ಸುಮಾರು 5 ಮೈಕ್ರಾನ್ ದಪ್ಪದ ಪದರಗಳಾಗಿ ಕತ್ತರಿಸುತ್ತಾರೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆರೋಗ್ಯವಂತ ಹೃದಯದಲ್ಲಿ ಸ್ನಾಯುವಿನ ಎಳೆಗಳು ಕ್ರಮವಾಗಿರುತ್ತವೆ. ಹಾನಿಯಾದಲ್ಲಿ ಎಳೆಗಳು ಊದಿ ಬಿಡಿಬಿಡಿಯಾಗುತ್ತವೆ, ಜೀವಕೋಶಗಳು ಸಾಯುತ್ತವೆ, ರಕ್ತ ಸೋರಿರುತ್ತದೆ. ಹಾನಿಗೆ ಅಂಕ ಕೊಡುವ ಒಂದು ಕ್ರಮ ಹೀಗಿದೆ: ಇಲ್ಲದಿದ್ದರೆ 0, ಅಲ್ಪ 1, ಮಧ್ಯಮ 2, ತೀವ್ರ 3. ಶುದ್ಧ ನೀರಿನ ಮೀನಿನೊಡನೆ ಹೋಲಿಸಿಯೇ ತೀರ್ಮಾನಿಸಬೇಕು.

ರೋಗದಿಂದಲೂ ಹೃದಯ ಕೆಡಬಹುದು. ವಿಷ ಹೆಚ್ಚಾಗಿ ಮೀನು ಬೇಗ ಸತ್ತರೆ ಹೃದಯದಲ್ಲಿ ಗುರುತು ಕಾಣದಿರಲೂಬಹುದು. ಆದ್ದರಿಂದ ನೀರಿನ ಪರೀಕ್ಷೆಯೂ ಅಗತ್ಯ.

ರೈತರು ಮಾಡಬೇಕಾದದ್ದು

1. ಸತ್ತು ಹೊತ್ತಾದ ಮೀನು ಪರೀಕ್ಷೆಗೆ ಬಾರದು. ಅದರ ಅಂಗಾಂಶ ತಾನಾಗಿಯೇ ಕೊಳೆಯುತ್ತದೆ. ಇನ್ನೂ ಜೀವವಿರುವ ಮೀನನ್ನೇ ಕೂಡಲೇ ತಾಲ್ಲೂಕು ಮೀನುಗಾರಿಕೆ ಕಚೇರಿಗೆ ಒಯ್ಯಿರಿ. ಅದು ದಾರಿಯಲ್ಲಿ ಸತ್ತರೆ ಮಂಜುಗಡ್ಡೆಯ ನಡುವೆ ಇಡಿರಿ, ಗಟ್ಟಿಯಾಗಿ ಹೆಪ್ಪುಗಟ್ಟಿಸಬಾರದು.

2. ಅದೇ ದಿನ ಕೆರೆಯ ನೀರನ್ನು ಶುಚಿಯಾದ ಗಾಜಿನ ಸೀಸೆಯಲ್ಲಿ ತುಂಬಿ, ಸಿಂಪಡಿಸಿದ ಔಷಧಿಯ ಹೆಸರು ಮತ್ತು ದಿನವನ್ನು ಬರೆದುಕೊಡಿರಿ.

3. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದು, ಬಿಸಿಲೇರಿದಂತೆ ಚೇತರಿಸಿಕೊಂಡರೆ ಪ್ರಾಣವಾಯುವಿನ ಕೊರತೆಯನ್ನು ಶಂಕಿಸಬೇಕು. ಈ ಹೊತ್ತನ್ನೂ ತಿಳಿಸಿರಿ.

4. ಸತ್ತ ಮೀನನ್ನು ತಿನ್ನಬೇಡಿರಿ, ಮಾರಬೇಡಿರಿ.

ಸಿಂಪರಣಾ ಯಂತ್ರವನ್ನು ಕೆರೆಯಲ್ಲಿ ತೊಳೆಯದಿರುವುದು, ಮಳೆ ಕವಿದಾಗ ಸಿಂಪಡಿಸದಿರುವುದು, ಕೆರೆಯಂಚಿನಲ್ಲಿ ಹುಲ್ಲಿನ ಪಟ್ಟಿ ಬಿಡುವುದು, ಇವು ಖರ್ಚಿಲ್ಲದ ಮುನ್ನೆಚ್ಚರಿಕೆಗಳು.