ಗೃಹ ರೌಟರುಗಳಲ್ಲಿ ನಿಸ್ತಂತು ಸೇತುವೆಯೂ ಮುಕ್ತ ಡ್ರೈವರುಗಳೂ

೧

ಮನೆಯ ಒಂದು ಕಡೆ ಇಂಟರ್‌ನೆಟ್ಟಿನ ಮುಖ್ಯ ರೌಟರ್ ಇದ್ದು, ದೂರದ ಕೋಣೆಯಲ್ಲಿ ತಂತಿಯ ಜೋಡಣೆ ಮಾತ್ರವುಳ್ಳ ಗಣಕಯಂತ್ರಗಳಿರುವಾಗ, ಎರಡನೆಯ ರೌಟರೊಂದನ್ನು ಮೊದಲನೆಯದರ ನಿಸ್ತಂತು ಗ್ರಾಹಕನನ್ನಾಗಿ ಮಾಡಿ, ಆ ಗಣಕಯಂತ್ರಗಳನ್ನು ಅದಕ್ಕೆ ಜೋಡಿಸುವ ಪದ್ಧತಿಯುಂಟು. ಇದಕ್ಕೆ ಕ್ಲೈಂಟ್ ಬ್ರಿಡ್ಜ್ ಎಂದು ಹೆಸರು. ಹೀಗೆ ಮಾಡಿದವರಿಗೆ ಅನೇಕ ವೇಳೆ ಒಂದು ತೊಡಕು ಎದುರಾಗುತ್ತದೆ. ಎರಡನೆಯ ರೌಟರ್ ತಾನು ಮುಖ್ಯ ರೌಟರನ್ನು ಸರಿಯಾಗಿ ತಲುಪುತ್ತದೆ. ಅದರ ಹಿಂದಿರುವ ಗಣಕಯಂತ್ರಗಳು ಮಾತ್ರ ತಲುಪುವುದಿಲ್ಲ. ಇದನ್ನು ಯಂತ್ರದ ದೋಷವೆಂದು ಭಾವಿಸುವವರೇ ಹೆಚ್ಚು. ಆದರೆ ಇದರ ಕಾರಣವು ಅರ್ಧ ನಿಸ್ತಂತು ಸಂಪರ್ಕದ ನಿಯಮದಲ್ಲಿಯೂ, ಉಳಿದರ್ಧ ಡ್ರೈವರ್ ಎಂಬ ತಂತ್ರಾಂಶದ ಇತಿಹಾಸದಲ್ಲಿಯೂ ಅಡಗಿದೆ. ಮೂಲ ಆಕರವು ಮುಚ್ಚಿರುವಾಗ ಸತ್ಯವನ್ನು ನಿರ್ಣಯಿಸುವುದು ಹೇಗೆ ಎಂಬ ಪ್ರಶ್ನೆ ಇತಿಹಾಸದ ಅಧ್ಯಾಪಕರಾದ ನಮಗೆ ಹೊಸದಲ್ಲ. ಅದೇ ಪ್ರಶ್ನೆ ಇಲ್ಲಿಯೂ ಏಳುವುದರಿಂದ ಈ ವಿಷಯವನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ತೊಡಗಿದ್ದೇವೆ.

೨

ಮೊದಲು ನಿಯಮವನ್ನು ನೋಡೋಣ. ತಂತಿಯ ಮೂಲಕ ಹೋಗುವ ಪ್ರತಿಯೊಂದು ಫ್ರೇಮಿನ ಮೇಲೆಯೂ ಎರಡು ಮ್ಯಾಕ್ ವಿಳಾಸಗಳಿರುತ್ತವೆ: ಕಳುಹಿಸಿದವನದು ಒಂದು, ಪಡೆಯಬೇಕಾದವನದು ಒಂದು. ೧೯೯೭ರಲ್ಲಿ ಮೊದಲು ಪ್ರಕಟವಾದ ೮೦೨.೧೧ ಎಂಬ ನಿಸ್ತಂತು ಮಾನಕದಲ್ಲಾದರೋ, ಗ್ರಾಹಕನಿಗೂ ಮುಖ್ಯ ರೌಟರಿಗೂ ನಡುವಣ ಸಾಮಾನ್ಯ ವ್ಯವಹಾರಕ್ಕೆ ಮೂರು ವಿಳಾಸಗಳು ವಿಹಿತವಾಗಿವೆ: ಗ್ರಾಹಕನದು, ಮುಖ್ಯ ರೌಟರಿನ ನಿಸ್ತಂತು ಭಾಗದ್ದು, ಆಚೆಯ ತುದಿಯದು. ಪ್ರಸಾರ ಮಾಡುವ ಗ್ರಾಹಕನೇ ಫ್ರೇಮಿನ ಕರ್ತೃವೂ ಆಗಿರುವನೆಂಬುದು ಇಲ್ಲಿಯ ಗೃಹೀತ.

ಕ್ಲೈಂಟ್ ಬ್ರಿಡ್ಜಿನಲ್ಲಿ ಈ ಗೃಹೀತವೇ ಸುಳ್ಳಾಗುತ್ತದೆ. ಕರ್ತೃ ಹಿಂದಿನ ಗಣಕಯಂತ್ರ. ಪ್ರಸಾರ ಮಾಡುವುದು ಎರಡನೆಯ ರೌಟರ್. ಗಣಕಯಂತ್ರದ ವಿಳಾಸವನ್ನೇ ಬರೆದರೆ, ತನ್ನಲ್ಲಿ ಹೆಸರು ನೋಂದಾಯಿಸದ ಅಪರಿಚಿತನ ಫ್ರೇಮೆಂದು ಮುಖ್ಯ ರೌಟರ್ ಅದನ್ನು ತಿರಸ್ಕರಿಸುತ್ತದೆ. ಎರಡನೆಯ ರೌಟರ್ ತನ್ನ ವಿಳಾಸವನ್ನು ಬರೆದರೆ ಫ್ರೇಮ್ ಮುಂದೆ ಹೋಗುತ್ತದೆ. ಆದರೆ ಉತ್ತರವು ಅದರ ಹೆಸರಿಗೇ ಬರುತ್ತದೆ. ವಿದ್ಯಾರ್ಥಿನಿಲಯದ ಹೆಸರನ್ನು ಮಾತ್ರ ಬರೆದು ವಿದ್ಯಾರ್ಥಿಯ ಹೆಸರನ್ನು ಬಿಟ್ಟ ಕಾಗದದಂತೆ, ಅದು ಯಾರಿಗೆ ಸೇರತಕ್ಕದ್ದೆಂಬುದು ಹೊರಗಿನಿಂದ ತಿಳಿಯುವುದಿಲ್ಲ.

ಇದಕ್ಕೆ ಪರಿಹಾರಗಳು ಮುಖ್ಯವಾಗಿ ಮೂರು. ನಾಲ್ಕನೆಯ ವಿಳಾಸಕ್ಕೂ ಸ್ಥಳವುಳ್ಳ ಫ್ರೇಮುಗಳನ್ನು ಬಳಸುವುದು ಒಂದು. ಇದಕ್ಕೆ ಎರಡು ರೌಟರುಗಳೂ ಒಪ್ಪಬೇಕು, ಮತ್ತು ಬೇರೆ ಬೇರೆ ತಯಾರಕರ ಯಂತ್ರಗಳು ಹಲವು ವೇಳೆ ಹೊಂದಿಕೊಳ್ಳುವುದಿಲ್ಲ. ಒಳಗಿನ ಐ.ಪಿ. ವಿಳಾಸವನ್ನು ನೋಡಿ ಮ್ಯಾಕ್ ವಿಳಾಸವನ್ನು ಬದಲಿಸಿ ಹಂಚುವುದು ಎರಡನೆಯದು. ಹಿಂದಿನ ಗಣಕಯಂತ್ರಗಳನ್ನು ಪ್ರತ್ಯೇಕ ಜಾಲವಾಗಿಯೇ ಇಡುವುದು ಮೂರನೆಯದು. ಇದು ಸುಲಭವಾದರೂ ನಿಜವಾದ ಸೇತುವೆಯಲ್ಲ.

೩

ಇನ್ನು ಇತಿಹಾಸ. ಕ್ಯಾಲಿಫೋರ್ನಿಯದ ಲಿಂಕ್‌ಸಿಸ್ ಸಂಸ್ಥೆಯ ಡಬ್ಲ್ಯುಆರ್‌ಟಿ ೫೪ಜಿ ಎಂಬ ರೌಟರ್ ೨೦೦೨ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದಿತು. ಅದರೊಳಗೆ ಲಿನಕ್ಸ್ ಇರುವುದು ೨೦೦೩ರಲ್ಲಿ ಬಳಕೆದಾರರಿಗೆ ತಿಳಿದುಬಂದಿತು. ಲಿನಕ್ಸ್ ಹಂಚಲ್ಪಡುವ ಜನರಲ್ ಪಬ್ಲಿಕ್ ಲೈಸೆನ್ಸಿನ ಪ್ರಕಾರ, ಅದನ್ನು ವಿತರಿಸುವವರು ಮೂಲಸಂಕೇತವನ್ನೂ ಕೊಡಬೇಕು. ಒತ್ತಾಯದ ಮೇಲೆ ಅದೇ ವರ್ಷ ಸಂಸ್ಥೆಯು ಮೂಲಸಂಕೇತವನ್ನು ಪ್ರಕಟಿಸಿತು. ಅದನ್ನು ಆಧರಿಸಿ ೨೦೦೪ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಯೋಜನೆ ಆರಂಭವಾಯಿತು.

ಆದರೆ ಪ್ರಕಟವಾದುದರಲ್ಲಿ ಒಂದು ಅಂಶ ಇರಲಿಲ್ಲ. ಬ್ರಾಡ್‌ಕಾಮ್ ಸಂಸ್ಥೆಯ ನಿಸ್ತಂತು ಚಿಪ್ಪನ್ನು ನಡೆಸುವ ಡ್ರೈವರ್ ಯಂತ್ರಭಾಷೆಯ ರೂಪದಲ್ಲಿಯೇ ಉಳಿಯಿತು. ಅದು ಲಿನಕ್ಸಿನ ೨.೪ನೆಯ ಆವೃತ್ತಿಗೆ ಕಟ್ಟಲ್ಪಟ್ಟಿದ್ದುದರಿಂದ, ಕರ್ನೆಲ್ ಮುಂದುವರಿದರೂ ಆ ಯಂತ್ರಗಳು ಬಹುಕಾಲ ಹಿಂದೆಯೇ ನಿಲ್ಲಬೇಕಾಯಿತು. ಆ ಡ್ರೈವರ್ ಮೇಲೆ ಹೇಳಿದ ಎರಡನೆಯ ಪರಿಹಾರವನ್ನು ತನ್ನೊಳಗೇ ನಡೆಸುತ್ತಿತ್ತು. ಬಳಕೆದಾರನ ಕಣ್ಣಿಗೆ ಅದು ಸಹಜವಾದ ಸೇತುವೆಯಂತೆ ಕಾಣುತ್ತಿತ್ತು; ಒಳಗೆ ವಿಳಾಸಗಳು ಬದಲಾಗುತ್ತಿರುವುದು ತಿಳಿಯುತ್ತಿರಲಿಲ್ಲ.

ಮುಕ್ತ ಡ್ರೈವರನ್ನು ರಚಿಸಿದ ರೀತಿ ಗಮನಾರ್ಹವಾಗಿದೆ. ಒಂದು ತಂಡವು ಮುಚ್ಚಿದ ಡ್ರೈವರನ್ನು ಪರೀಕ್ಷಿಸಿ ಚಿಪ್ಪಿನ ವರ್ತನೆಯನ್ನು ವಿವರಿಸಿ ಬರೆಯಿತು. ಮತ್ತೊಂದು ತಂಡವು ಮುಚ್ಚಿದ ಡ್ರೈವರನ್ನು ನೋಡದೆ, ಆ ವಿವರಣೆಯಿಂದಲೇ ಹೊಸ ಡ್ರೈವರನ್ನು ರಚಿಸಿತು. ಲುಪ್ತವಾದ ಕೃತಿಯನ್ನು ಅನ್ಯಗ್ರಂಥಗಳ ಉದ್ಧೃತಿಗಳಿಂದ ಪುನಾರಚಿಸುವ ವಿದ್ವಾಂಸರ ಶ್ರಮಕ್ಕೆ ಇದನ್ನು ಹೋಲಿಸಬಹುದು. ಹೀಗೆ ಹುಟ್ಟಿದ ಡ್ರೈವರ್ ೨೦೦೬ರಲ್ಲಿ ಲಿನಕ್ಸ್ ಕರ್ನೆಲನ್ನು ಸೇರಿತು. ೨೦೦೮ರಲ್ಲಿ ಬಿ೪೩ ಎಂಬ ಪರಿಷ್ಕೃತ ರೂಪ ಬಂದಿತು. ಅದೇ ವರ್ಷ ಅಥೆರಾಸ್ ಸಂಸ್ಥೆಯು ತನ್ನ ಹೊಸ ಚಿಪ್ಪುಗಳಿಗೆ ಮುಕ್ತ ಡ್ರೈವರನ್ನು ತಾನೇ ಕೊಟ್ಟಿತು. ಬ್ರಾಡ್‌ಕಾಮ್ ಕೂಡ ೨೦೧೦ರಲ್ಲಿ ಕೆಲವು ಚಿಪ್ಪುಗಳಿಗೆ ಹಾಗೆ ಮಾಡಿತು.

೪

ಈ ಹಿನ್ನೆಲೆಯಿಂದ ದೋಷನಿರ್ಣಯದ ಕ್ರಮವು ತಾನಾಗಿಯೇ ಹೊರಡುತ್ತದೆ. ಮೊದಲನೆಯದಾಗಿ, ಎರಡನೆಯ ರೌಟರಿನಿಂದಲೇ ಮುಖ್ಯ ರೌಟರಿಗೆ ಪಿಂಗ್ ಕಳುಹಿಸಬೇಕು. ಉತ್ತರ ಬಾರದಿದ್ದರೆ ತೊಂದರೆ ಇರುವುದು ಗುಪ್ತಪದ, ಗೂಢಲಿಪಿಯ ಬಗೆ, ಸಂಕೇತದ ಬಲ ಇವುಗಳಲ್ಲಿ. ಸೇತುವೆಯ ಮಾತು ಆಮೇಲಿನದು. ಎರಡನೆಯದಾಗಿ, ಹಿಂದಿನ ಗಣಕಯಂತ್ರಕ್ಕೆ ಐ.ಪಿ. ವಿಳಾಸವನ್ನು ಕೈಯಿಂದಲೇ ಕೊಟ್ಟು ನೋಡಬೇಕು. ಆಗ ಸಂಪರ್ಕ ದೊರೆತು, ವಿಳಾಸವು ತಾನಾಗಿ ಮಾತ್ರ ಬಾರದಿದ್ದರೆ, ದೋಷ ಡಿ.ಎಚ್.ಸಿ.ಪಿ.ಯದು. ಆ ಉತ್ತರವು ಕೋರಿಕೆಯೊಳಗೆ ಬರೆದಿರುವ ಗಣಕಯಂತ್ರದ ಮ್ಯಾಕ್ ವಿಳಾಸಕ್ಕೆ ನೇರವಾಗಿ ಹೊರಡುವುದುಂಟು. ನಿಸ್ತಂತು ಭಾಗಕ್ಕೆ ಆ ವಿಳಾಸದ ಪರಿಚಯವೇ ಇಲ್ಲ. ಎರಡನೆಯ ರೌಟರಿನ ಸ್ವಂತ ಡಿ.ಎಚ್.ಸಿ.ಪಿ. ಸೇವೆಯನ್ನೂ ನಿಲ್ಲಿಸಿರಬೇಕು.

ಮೂರನೆಯದಾಗಿ, ಏನೂ ಹೋಗದಿದ್ದರೆ ಟಿಸಿಪಿಡಂಪ್ ಎಂಬ ಉಪಕರಣದಿಂದ ರೌಟರಿನ ತಂತಿಯ ಕಡೆಯನ್ನೂ ನಿಸ್ತಂತು ಕಡೆಯನ್ನೂ ಪರಿಶೀಲಿಸಿ, ಎ.ಆರ್.ಪಿ. ಪ್ರಶ್ನೆಯು ಯಾವ ಮ್ಯಾಕ್ ವಿಳಾಸದೊಡನೆ ಹೊರಟಿತು, ಉತ್ತರವು ಎಲ್ಲಿಯವರೆಗೆ ಬಂದಿತು ಎಂದು ನೋಡಬೇಕು. ನಾಲ್ಕನೆಯದಾಗಿ, ಸಾಮಾನ್ಯ ಗ್ರಾಹಕ ಸ್ಥಿತಿಯ ನಿಸ್ತಂತು ಭಾಗವನ್ನು ಸೇತುವೆಗೆ ಸೇರಿಸಲು ಲಿನಕ್ಸ್ ಒಪ್ಪದಿದ್ದರೆ, ಅದನ್ನು ದೋಷವೆನ್ನಲಾಗದು; ಮೂರು ವಿಳಾಸಗಳ ನಿಯಮವನ್ನೇ ಅದು ಮರೆಮಾಚದೆ ಹೇಳುತ್ತಿದೆ. ಅಲ್ಲಿ ನಾಲ್ಕು ವಿಳಾಸಗಳ ಸ್ಥಿತಿಯನ್ನಾಗಲಿ, ರಿಲೇಡಿ ಎಂಬ ಮಧ್ಯವರ್ತಿ ತಂತ್ರಾಂಶವನ್ನಾಗಲಿ ಆಶ್ರಯಿಸಬೇಕು. ರಿಲೇಡಿಯು ಐ.ಪಿ.ಯ ನಾಲ್ಕನೆಯ ಆವೃತ್ತಿಗೆ ಮಾತ್ರ ಅನ್ವಯಿಸುತ್ತದೆ, ಆರನೆಯದಕ್ಕಲ್ಲ.

೫

ಮುಚ್ಚಿದ ಡ್ರೈವರಿನಲ್ಲಿ ಸುಲಭವಾಗಿ ನಡೆದುದು ಮುಕ್ತ ಡ್ರೈವರಿನಲ್ಲಿ ನಡೆಯಲಿಲ್ಲವೆಂದು ಎರಡನೆಯದನ್ನು ಕೀಳೆನ್ನುವುದು ಸಾಧುವಲ್ಲವೆಂದು ಇದರಿಂದ ವಿದಿತವಾಗುತ್ತದೆ. ಮೊದಲನೆಯದು ಕೆಲಸವನ್ನು ಮಾಡಿಕೊಟ್ಟಿತು. ಆದರೆ ಕೆಟ್ಟಾಗ ಕಾರಣವನ್ನು ಹೇಳಲಿಲ್ಲ, ತಯಾರಕರು ಕೈಬಿಟ್ಟಾಗ ತಿದ್ದಲೂ ಅವಕಾಶ ಕೊಡಲಿಲ್ಲ. ಸುಸ್ಥಿತಿಯಲ್ಲಿರುವ ಯಂತ್ರವು ಹಳೆಯ ಕರ್ನೆಲಿಗೆ ಅಂಟಿಕೊಂಡು, ಭದ್ರತಾ ತಿದ್ದುಪಡಿಗಳಿಲ್ಲದೆ ನಿರುಪಯುಕ್ತವಾಗುವುದು ಇದರ ಫಲ. ಆದಾಗ್ಯೂ ಮುಕ್ತತೆ ಪೂರ್ಣವಾಗಿದೆಯೆಂದು ಹೇಳುವಂತಿಲ್ಲ. ಬಿ೪೩ ಡ್ರೈವರಿಗೆ ಬೇಕಾದ ಫರ್ಮ್‌ವೇರನ್ನು ಬ್ರಾಡ್‌ಕಾಮಿನ ಡ್ರೈವರಿನಿಂದಲೇ ಕತ್ತರಿಸಿ ತೆಗೆಯಬೇಕಾಗಿತ್ತು. ಇತ್ತೀಚಿನ ಅನೇಕ ಚಿಪ್ಪುಗಳಲ್ಲಿಯೂ ಡ್ರೈವರ್ ಮುಕ್ತವಾಗಿದ್ದು ಫರ್ಮ್‌ವೇರ್ ಮುಚ್ಚಿರುತ್ತದೆ. ಆದುದರಿಂದ ಕಾಲೇಜುಗಳ ಪ್ರಯೋಗಶಾಲೆಗಳಿಗೆ ರೌಟರುಗಳನ್ನು ಕೊಳ್ಳುವಾಗ, ಬೆಲೆ ವೇಗಗಳೊಡನೆ, ಅದರ ಚಿಪ್ಪಿಗೆ ಮುಕ್ತ ಡ್ರೈವರ್ ಉಂಟೇ ಎಂಬುದನ್ನೂ ವಿಚಾರಿಸುವುದು ಅವಶ್ಯ. ವಿದ್ಯಾರ್ಥಿಯು ದೋಷದ ಕಾರಣವನ್ನು ಮೂಲದಲ್ಲಿಯೇ ಓದಿ ತಿಳಿಯುವ ಅವಕಾಶ ಅಂತಹ ಯಂತ್ರದಲ್ಲಿ ಮಾತ್ರ ದೊರೆಯುತ್ತದೆ.