ಮಾತಿನ ಪೆಟ್ಟಿಗೆ ಹುಡುಕಿಕೊಂಡು ಎಸ್‌.ಪಿ. ರಸ್ತೆಗೆ

ಭಾನುವಾರ ಮಾತ್ರ ಹೋಗಬೇಡಿ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಹೆಚ್ಚಿನ ಅಂಗಡಿಗಳು ಅಂದು ಶಟರ್ ಎಳೆದಿರುತ್ತವೆ. ವಾರದ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಟೌನ್‌ಹಾಲ್ ಕಡೆಯಿಂದ ನಡೆದೇ ಬನ್ನಿ. ಕಾರು ತಂದರೆ ಅದನ್ನು ನಿಲ್ಲಿಸುವ ಜಾಗ ಹುಡುಕುವುದರಲ್ಲೇ ಅರ್ಧ ಉತ್ಸಾಹ ಇಂಗಿಹೋಗುತ್ತದೆ. ರಸ್ತೆಗೆ ಕಾಲಿಟ್ಟ ಕೂಡಲೇ ಸಿಸಿಟಿವಿ ಕ್ಯಾಮೆರಾಗಳು, ಲ್ಯಾಪ್‌ಟಾಪ್ ಚಾರ್ಜರುಗಳು, ಉರುಳೆ ಉರುಳೆ ವೈರು. ಅದರ ನಡುವೆ ತಲೆಬಾಗಿಲಿಗಿಂತ ಸ್ವಲ್ಪವೇ ಅಗಲದ ಅಂಗಡಿಗಳಲ್ಲಿ ಬಿಡಿ ವೂಫರು, ಟ್ವೀಟರು, ಖಾಲಿ ಡಬ್ಬ, ಆಂಪ್ಲಿಫೈಯರ್ ಬೋರ್ಡು. ನಾನು ಬಂದದ್ದು ಒಂದೇ ಒಂದು ಪೆಟ್ಟಿಗೆಗಾಗಿ: ಹೋಂ ಥಿಯೇಟರಿನ ಸೆಂಟರ್ ಸ್ಪೀಕರ್. ಮನೆಯಲ್ಲಿ ಆಗಲೇ ಒಂದು ಎ.ವಿ. ರಿಸೀವರ್ ಇದೆ, ಎಡಬಲಕ್ಕೆ ಎರಡು ಬುಕ್‌ಶೆಲ್ಫ್ ಸ್ಪೀಕರುಗಳಿವೆ. ಜೇಬಿನ ಮಿತಿ 15,000 ರೂಪಾಯಿ.

ಸಿನಿಮಾದ ಮಾತಿನ ಬಹುಪಾಲು ಈ ನಡುವಿನ ಪೆಟ್ಟಿಗೆಯಿಂದಲೇ ಬರುತ್ತದೆ. ಹಾಗೆಂದು ಎಲ್ಲರಿಗೂ ಅದು ಬೇಕೇ ಬೇಕು ಎಂದೇನಿಲ್ಲ. ಎರಡು ಸ್ಪೀಕರುಗಳ ಸರಿಯಾದ ಮಧ್ಯದಲ್ಲಿ ಒಬ್ಬರೇ ಕೂತು ನೋಡುವವರಾದರೆ, ರಿಸೀವರಿನಲ್ಲಿ ‘ಸೆಂಟರ್ ಇಲ್ಲ’ ಎಂದು ಹೊಂದಿಸಿ. ಮಾತು ಎರಡಕ್ಕೂ ಸಮನಾಗಿ ಹಂಚಿಹೋಗಿ, ಟಿವಿಯ ನಡುವಿನಿಂದಲೇ ಬಂದಂತೆ ಕೇಳುತ್ತದೆ. ತೊಂದರೆ ಶುರುವಾಗುವುದು ಮನೆಮಂದಿಯೆಲ್ಲ ಕೂತಾಗ. ಸೋಫಾದ ತುದಿಯಲ್ಲಿ ಕೂತ ಅಮ್ಮನಿಗೆ ಹತ್ತಿರದ ಸ್ಪೀಕರಿನ ದನಿಯೇ ಮೊದಲು ಮುಟ್ಟುತ್ತದೆ. ಪರದೆಯ ಮೇಲಿನ ಮುಖ ಒಂದು ಕಡೆ, ದನಿ ಇನ್ನೊಂದು ಕಡೆ. ‘ಏನಂದ ಅವನು?’ ಎಂದು ಅವರು ಕೇಳುವ ಹೊತ್ತಿಗೆ ಮುಂದಿನ ಮಾತೂ ಹೋಗಿರುತ್ತದೆ. ಹೀಗಾಗಿ ಸೆಂಟರ್ ಸ್ಪೀಕರು ಇರುವುದೇ ಬದಿಯಲ್ಲಿ ಕೂತವರಿಗಾಗಿ. ಆ ಬದಿಯವರನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಅಂಗಡಿ ಅಂಗಡಿ ಹತ್ತಿದೆ.

ಮೊದಲ ಅಂಗಡಿಯಲ್ಲಿ ಕಂಡದ್ದು ಇಲ್ಲಿಯೇ ಜೋಡಿಸುವ 5.1 ಸೆಟ್ಟುಗಳು. ಬ್ಲೂಟೂತ್, ಪೆನ್‌ಡ್ರೈವ್, ಎಫ್‌ಎಂ, ರಿಮೋಟ್ ಎಲ್ಲ ಉಂಟು. ಬೆಲೆ ನೋಡಿದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಇಂಥದ್ದನ್ನು ಕೊಳ್ಳುವ ಮುನ್ನ ಕೇಳಬೇಕಾದ್ದು ಒಂದೇ: ಡಾಲ್ಬಿ ಡಿಕೋಡರ್ ಇದೆಯೇ, ಟಿವಿಯಿಂದ ಎಚ್‌ಡಿಎಂಐ ಎಆರ್‌ಸಿ ಅಥವಾ ಆಪ್ಟಿಕಲ್ ವೈರು ತೆಗೆದುಕೊಳ್ಳುತ್ತದೆಯೇ? ಇಲ್ಲದಿದ್ದರೆ ಒಳಗೆ ಹೋಗುವುದು ಬರೀ ಎರಡು ಚಾನೆಲ್ಲಿನ ಸ್ಟೀರಿಯೋ. ಅಂಥ ಎಷ್ಟೋ ಬೋರ್ಡುಗಳು ಎಡ ಬಲ ಎರಡನ್ನೂ ಕೂಡಿಸಿ ‘ಸೆಂಟರ್’ ಎಂಬ ತೂತಿಗೆ ಕಳಿಸುತ್ತವೆ. ಚಿತ್ರ ಮಾಡಿದವರು ಬೇರೆಯಾಗಿಯೇ ಇಟ್ಟಿದ್ದ ಮಾತು ಅಲ್ಲಿ ಮತ್ತೆ ಸಂಗೀತದೊಳಗೆ ಮುಳುಗುತ್ತದೆ. ಆಮೇಲೆ ಎಂಥ ಪೆಟ್ಟಿಗೆ ಸಿಕ್ಕಿಸಿದರೂ ಫಲವಿಲ್ಲ.

ಡಬ್ಬದ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ವಾಟ್ ಬರೆದಿರುವುದಕ್ಕೂ ಕಣ್ಣು ಕೊಡಬೇಡಿ. 88 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಕೊಡುತ್ತದೆ. ಮೂರು ಮೀಟರ್ ದೂರದ ಸೋಫಾಕ್ಕೆ ಬರುವಷ್ಟರಲ್ಲಿ ಅದು 78ರ ಆಸುಪಾಸಿಗೆ ಇಳಿಯುತ್ತದೆ. ಮನೆಯಲ್ಲಿ ಗಟ್ಟಿಯಾಗಿಯೇ ಮಾತು ಕೇಳಲು 75 ಸಾಕು, ಅಂದರೆ ಅರ್ಧ ವಾಟೂ ಬೇಡ. ಅದರ ಮೇಲೆ 20 ಡೆಸಿಬೆಲ್ ಏರುವ ಸ್ಫೋಟದ ಕ್ಷಣಕ್ಕೆ ಸುಮಾರು 45 ವಾಟ್. ಇಷ್ಟನ್ನು ಮನೆಯ ಸಣ್ಣ ರಿಸೀವರೇ ಕೊಡಬಲ್ಲದು. ನಾನು ನೋಡುವುದು ಎರಡೇ ಅಂಕಿ: ಸೆನ್ಸಿಟಿವಿಟಿ ಮತ್ತು ಓಮ್. ಕಡಿಮೆ ಬೆಲೆಯ ರಿಸೀವರಾದರೆ 6 ಅಥವಾ 8 ಓಮಿನ ಸ್ಪೀಕರೇ ಕ್ಷೇಮ.

ಇನ್ನೊಂದು ಅಂಗಡಿಯಲ್ಲಿ ಮೆಟ್ಟಿಲು ಹತ್ತಿದರೆ ಕಂಪನಿ ಮಾಲಿನ ಕೋಣೆ. ಸೆಂಟರ್ ಅಂದೊಡನೆ ಹುಡುಗ ಎಳೆದು ತಂದದ್ದು ಉದ್ದಕ್ಕೆ ಅಡ್ಡ ಮಲಗಿದ ಪೆಟ್ಟಿಗೆ: ಆಚೆಗೊಂದು ಈಚೆಗೊಂದು ವೂಫರ್, ನಡುವೆ ಟ್ವೀಟರ್. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಸೆಂಟರುಗಳಲ್ಲಿ ಹೆಚ್ಚಿನವು ಇದೇ ಆಕಾರದವು. ಎದುರು ನಿಂತು ಕೇಳಿದರೆ ಚೆನ್ನಾಗಿಯೇ ಇತ್ತು. ‘ಸ್ವಲ್ಪ ವಾರ್ತೆ ಹಾಕಪ್ಪಾ’ ಎಂದೆ. ಹಾಕಿದ. ವಾರ್ತೆ ಓದುವ ಹೆಣ್ಣುದನಿಯನ್ನು ಕೇಳುತ್ತಾ ಮೆಲ್ಲಗೆ ಪಕ್ಕಕ್ಕೆ ಸರಿದೆ. ಎರಡು ಹೆಜ್ಜೆಯಾಚೆ ದನಿಯ ಮೈ ಸೊರಗಿತು, ಇನ್ನೊಂದು ಹೆಜ್ಜೆಗೆ ಮತ್ತೆ ತುಂಬಿಕೊಂಡಿತು.

ಇದರ ಹಿಂದಿನ ಲೆಕ್ಕ ಸರಳ. ಎರಡು ವೂಫರುಗಳ ನಡುಬಿಂದುಗಳ ಅಂತರ 30 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 30 ಡಿಗ್ರಿ ಪಕ್ಕಕ್ಕೆ ಕೂತವರಿಗೆ ಒಂದು ವೂಫರಿನ ದನಿ ಇನ್ನೊಂದಕ್ಕಿಂತ 15 ಸೆಂಟಿಮೀಟರ್ ಹೆಚ್ಚು ದೂರ ನಡೆದು ಬರಬೇಕು. ಸುಮಾರು 1,100 ಹರ್ಟ್ಸ್‌ನ ಅಲೆಗೆ 15 ಸೆಂಟಿಮೀಟರ್ ಎಂದರೆ ಸರಿಯಾಗಿ ಅರ್ಧ ಅಲೆ. ಒಂದು ಗಾಳಿಯನ್ನು ನೂಕುವಾಗ ಇನ್ನೊಂದು ಎಳೆಯುತ್ತದೆ, ಎರಡೂ ಒಂದನ್ನೊಂದು ಅಳಿಸುತ್ತವೆ. ಮನುಷ್ಯರ ಮಾತು ದಟ್ಟವಾಗಿರುವ ಜಾಗವೇ ಅದು. ಎರಡೂವರೆ ಮೀಟರ್ ದೂರದ ಸೋಫಾದಲ್ಲಿ 30 ಡಿಗ್ರಿ ಎಂದರೆ ನಡುವಿನಿಂದ ಒಂದೂವರೆ ಮೀಟರ್‌ಗೂ ಕಡಿಮೆ. ಅಮ್ಮ ಕೂರುವುದು ಅಲ್ಲಿಯೇ. ಬದಿಯವರಿಗಾಗಿಯೇ ಇರುವ ಪೆಟ್ಟಿಗೆ ಬದಿಯವರಿಗೇ ಕೈಕೊಡುತ್ತದೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಇದೇ ಕೋಣೆಯಲ್ಲಿ ನಡುವೆ ಪುಟ್ಟ ಮಿಡ್‌ರೇಂಜನ್ನೂ ಅದರ ತಲೆಯ ಮೇಲೆ ಟ್ವೀಟರನ್ನೂ ಇಟ್ಟ ತ್ರೀ-ವೇ ಸೆಂಟರ್ ಕೇಳಿದೆ. ಎಲ್ಲಿ ನಿಂತರೂ ಮಾತು ಬಹುತೇಕ ಒಂದೇ ಸಮ. ಕೆಇಎಫ್‌ನವರಂತೆ ಟ್ವೀಟರನ್ನು ವೂಫರಿನ ಎದೆಯಲ್ಲೇ ಕೂರಿಸಿದ ವಿನ್ಯಾಸವೂ ಇದೇ ಕಷ್ಟಕ್ಕೆ ಒಳ್ಳೆಯ ಪರಿಹಾರ. ಎರಡೂ ನನ್ನ ಮಿತಿಯಾಚೆಗಿದ್ದವು.

ಸೆಂಟರ್ ಯಾಕೆ ಮಲಗಿತು? ಟಿವಿಯ ಕೆಳಗೆ ಬೇರೆ ಜಾಗವಿಲ್ಲ ಎಂಬುದೊಂದೇ ಕಾರಣ. ಚಿತ್ರಮಂದಿರದಲ್ಲಿ ಪರದೆಗೆ ಸಣ್ಣ ಸಣ್ಣ ತೂತುಗಳಿರುತ್ತವೆ. ಅದರ ಹಿಂದೆ ಎಡಕ್ಕೆ, ನಡುವೆ, ಬಲಕ್ಕೆ ಒಂದೇ ಬಗೆಯ ಸ್ಪೀಕರುಗಳು ನೆಟ್ಟಗೆ ನಿಂತಿರುತ್ತವೆ. 1933ರ ಏಪ್ರಿಲ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದ ವಾದ್ಯವೃಂದವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕಳಿಸಿದಾಗ ಬಳಸಿದ್ದೂ ಮೂರು ಚಾನೆಲ್: ಎಡ, ನಡು, ಬಲ. ದೊಡ್ಡ ಸಭೆಯ ಎಲ್ಲ ಕುರ್ಚಿಗಳಿಗೂ ನಡುವಿನ ದನಿ ನಡುವಿನಿಂದಲೇ ಬರಬೇಕಾದರೆ ಅಲ್ಲಿ ನಿಜವಾದ ಮೂಲವೇ ಬೇಕು ಎಂದು ಅವರಿಗೆ ಆಗಲೇ ಗೊತ್ತಿತ್ತು.

ಇಲ್ಲಿಗೆ ನನ್ನ ಆಯ್ಕೆ ತಾನಾಗಿ ಸ್ಪಷ್ಟವಾಯಿತು. ಎಡಬಲಕ್ಕೆ ಯಾವ ಬುಕ್‌ಶೆಲ್ಫ್ ಇದೆಯೋ ಅದೇ ಮಾದರಿಯ ಮೂರನೆಯದು, ನೆಟ್ಟಗೆ ನಿಲ್ಲಿಸಿದ್ದು. ಕಡಿಮೆ ಹಣದವರಿಗೆ ಇದಕ್ಕಿಂತ ಒಳ್ಳೆಯ ಸೆಂಟರ್ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪಾತ್ರವೊಂದು ಮಾತಾಡುತ್ತ ಪರದೆಯ ಎಡದಿಂದ ಬಲಕ್ಕೆ ನಡೆದರೆ ದನಿಯ ಬಣ್ಣ ಎಲ್ಲೂ ಬದಲಾಗದು. ಕಷ್ಟಗಳು ಎರಡು. ಬುಕ್‌ಶೆಲ್ಫ್‌ಗಳನ್ನು ಜೋಡಿಯಾಗಿಯೇ ಮಾರುತ್ತಾರೆ. ‘ಒಂದೇ ಕೊಡಕ್ಕಾಗಲ್ಲ ಸರ್, ಬಿಲ್ ಆಗಲ್ಲ’ ಎಂದರು ಮಾಲೀಕರು. ಅವರ ಮಾತೂ ನ್ಯಾಯವೇ. ಅದೇ ಸ್ಪೀಕರಿರುವ ಸ್ನೇಹಿತರಿದ್ದರೆ ಜೋಡಿ ಕೊಂಡು ಹಂಚಿಕೊಳ್ಳಬಹುದು. ಎರಡನೆಯದು, ನೆಟ್ಟಗೆ ನಿಲ್ಲಿಸಲು ಒಂದಡಿಯಷ್ಟು ಎತ್ತರ ಬೇಕು. ಟಿವಿ ಗೋಡೆಯ ಮೇಲೆ ಸ್ವಲ್ಪ ಏರಬೇಕಾಗುತ್ತದೆ. ಇವೆರಡೂ ಆಗದವರು ಅದೇ ಕಂಪನಿಯ ಅದೇ ಸರಣಿಯ ಸೆಂಟರನ್ನೇ ಕೊಳ್ಳಿ. ಸರಣಿಯೊಂದರಲ್ಲಿ ಟ್ವೀಟರು ಸಾಮಾನ್ಯವಾಗಿ ಒಂದೇ ಇರುತ್ತದೆ, ದನಿ ಹೊಂದುತ್ತದೆ. ಸರಣಿಯಲ್ಲಿ ಎರಡು ಗಾತ್ರವಿದ್ದರೆ ವೂಫರುಗಳು ಹತ್ತಿರ ಹತ್ತಿರವಿರುವ ಚಿಕ್ಕದನ್ನು ಆರಿಸಿ. ಬೇಸ್ ಹೇಗೂ ಸಬ್‌ವೂಫರಿನ ಪಾಲು.

ಹಳೆಯ ಕನ್ನಡ ಚಿತ್ರಗಳನ್ನು ಮತ್ತೆ ಮತ್ತೆ ನೋಡುವ ಮನೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು. 1972ರ ‘ಬಂಗಾರದ ಮನುಷ್ಯ’ದ ಕಾಲದ ಚಿತ್ರಗಳ ಧ್ವನಿ ಮೋನೋ. ರಿಸೀವರ್ ಡಾಲ್ಬಿ ಸರೌಂಡ್ ಮೋಡಿನಲ್ಲಿದ್ದರೆ ಎಡಬಲದಲ್ಲಿ ಒಂದೇ ಆಗಿರುವ ದನಿಯನ್ನೆಲ್ಲ ನಡುವಿಗೆ ಒಯ್ಯುತ್ತದೆ. ರಾಜ್‌ಕುಮಾರ್ ಅವರ ಮಾತು, ಪಿ.ಬಿ. ಶ್ರೀನಿವಾಸ್ ಅವರ ಹಾಡು, ಪಿಟೀಲು, ತಬಲಾ ಎಲ್ಲವೂ ಆ ಒಂದೇ ಪೆಟ್ಟಿಗೆಯಿಂದ ಹೊರಡಬೇಕು. ‘ಬರೀ ಮಾತಿಗೆ ತಾನೇ, ಯಾವುದಾದರೇನು’ ಎಂದು ಸಣಕಲು ಸೆಂಟರ್ ತಂದವರ ಮನೆಯಲ್ಲಿ ಇಡೀ ಸಿನಿಮಾ ಸಣಕಲಾಗುತ್ತದೆ. ನಮ್ಮ ಮನೆಗಳಲ್ಲಿ ಸೆಂಟರಿಗೆ ಹೆಚ್ಚು ಗೌರವ ಸಲ್ಲಬೇಕು ಎನ್ನಲು ನನಗೆ ಇದೊಂದೇ ಕಾರಣ ಸಾಕು.

ಹೊಸದರಲ್ಲಿ ಒಂಟಿ ಸಿಗದಿದ್ದಾಗ ಸೆಕೆಂಡ್ ಹ್ಯಾಂಡ್ ಮಾಲು ನೆನಪಾಗಬೇಕು. ಜೋಡಿಯಲ್ಲೊಂದು ಕೆಟ್ಟು ಉಳಿದದ್ದು ಮೂಲೆ ಸೇರಿರುತ್ತದೆ, ಒಂಟಿಯಾದ್ದರಿಂದ ಕೇಳುವವರು ಕಡಿಮೆ, ಬೆಲೆಯೂ ಇಳಿದಿರುತ್ತದೆ. ಒಳಗಲ್ಲಿಯೊಂದರ ರಿಪೇರಿ ಅಂಗಡಿಯಲ್ಲಿ ನನಗೆ ನನ್ನದೇ ಮಾದರಿಯದೊಂದು ಸಿಕ್ಕಿತು. ಜಾಲರಿ ತೆಗೆಸಿ ನೋಡಿದೆ. ಕೋನಿನ ಸುತ್ತಲಿನ ಅಂಚು ರಬ್ಬರಿನದಾದರೆ ಬಾಳುತ್ತದೆ, ಫೋಮಿನದಾದರೆ ವರ್ಷಗಳಲ್ಲಿ ಪುಡಿಯಾಗುತ್ತದೆ. ಇದು ರಬ್ಬರಿನದು. ರಿಪೇರಿಯವರು ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಹಿಂದಿನ ಟರ್ಮಿನಲ್ಲಿಗೆ ಒಂದು ಕ್ಷಣ ಮುಟ್ಟಿಸಿದರು, ಪ್ಲಸ್ಸು ಕೆಂಪಿಗೆ. ಕೋನ್ ಗರಗರ ಎನ್ನದೆ ಮುಂದಕ್ಕೆ ಜಿಗಿಯಿತು. ಆಮೇಲೆ ಮತ್ತೆ ಅದೇ ವಾರ್ತೆ ಹಾಕಿಸಿ, ಸ, ಶ, ಚ ಅಕ್ಷರಗಳು ಚುಚ್ಚದೆ ಬಿಡಿಬಿಡಿಯಾಗಿ ಕೇಳುತ್ತವೆಯೇ ಎಂದು ಗಮನಿಸಿದೆ. ಟ್ವೀಟರ್ ಸತ್ತಿದ್ದರೆ ಮೊದಲು ಕಳೆದುಹೋಗುವುದು ಇವೇ. ಚೌಕಾಸಿ ಮುಗಿದಾಗ ಮಿತಿಯ ಅರ್ಧವೂ ಖರ್ಚಾಗಿರಲಿಲ್ಲ.

ವಾಪಸು ಬರುವ ದಾರಿಯಲ್ಲಿ ವೈರು. 16 ಗೇಜಿನ ಸಾದಾ ತಾಮ್ರದ ವೈರು ಮನೆಯ ಅಳತೆಗೆ ಧಾರಾಳ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ, ಅದಕ್ಕೆ ತಾಮ್ರದ ಬೆಲೆ ಕೊಡಬೇಕಿಲ್ಲ. ಕೆಲವು ಅಂಗಡಿಗಳಲ್ಲಿ ಕೇಳಿದರೆ ಅವರೇ ಕೆರೆದು ತೋರಿಸುತ್ತಾರೆ.

ಮನೆಯಲ್ಲಿ ಪೆಟ್ಟಿಗೆಯನ್ನು ಟಿವಿ ಸ್ಟ್ಯಾಂಡಿನ ಹಿಂದಕ್ಕೆ ತಳ್ಳದೆ, ಮುಂದಿನ ಅಂಚಿಗೆ ಸಮನಾಗಿ ನಿಲ್ಲಿಸಬೇಕು. ಹಿಂದೆ ಸರಿದರೆ ದನಿ ಹಲಗೆಗೆ ಬಡಿದು ಕಲಸಿಹೋಗುತ್ತದೆ. ಮುಂಬದಿಯ ಅಡಿಗೆ ರಬ್ಬರ್ ಚೂರಿಟ್ಟು ಮೂತಿಯನ್ನು ಕೂತವರ ಕಿವಿಯತ್ತ ಎತ್ತಬೇಕು. ರಿಸೀವರಿನಲ್ಲಿ ಸೆಂಟರನ್ನು ‘ಸ್ಮಾಲ್’ ಎಂದು, ಕ್ರಾಸ್‌ಓವರನ್ನು 80 ಹರ್ಟ್ಸ್ ಎಂದು ಇಟ್ಟು, ದೂರವನ್ನು ಟೇಪಿನಿಂದ ಅಳೆದು ತುಂಬಬೇಕು. ಟೆಸ್ಟ್ ಟೋನ್ ಹಾಕಿ ಮೂರೂ ಸ್ಪೀಕರುಗಳ ಮಟ್ಟವನ್ನು ಸಮ ಮಾಡಿದ ಮೇಲೆ ಸೆಂಟರನ್ನು ಒಂದೆರಡು ಡೆಸಿಬೆಲ್ ಮೇಲಕ್ಕೆ. ಇಷ್ಟೆಲ್ಲ ಹೊಂದಿಸುವಾಗ ನಡುವೆ ಕೂರದೆ ಸೋಫಾದ ತುದಿಯಲ್ಲಿ ಕೂತು ಕೇಳಿ.